ಸಾಬೂನಿನ ಪರಿಮಳ, ಮರದ ಕಥೆ

ಪುಣೆಯಲ್ಲಾಗಲಿ ದೆಹಲಿಯಲ್ಲಾಗಲಿ, ಕನ್ನಡದ ಮನೆಗಳಲ್ಲಿ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಪೆಟ್ಟಿಗೆ ಅಷ್ಟು ಸುಲಭವಾಗಿ ಕಸಕ್ಕೆ ಹೋಗುವುದಿಲ್ಲ. ಸೀರೆಗಳ ನಡುವೆ ಸೇರಿಕೊಳ್ಳುತ್ತದೆ. ಬೀರು ತೆರೆದರೆ ಊರಿನ ವಾಸನೆ.

ಈ ಪರಿಮಳ ಸಾಬೂನಿಗೆ ಬಂದದ್ದು ಯುದ್ಧದ ದೆಸೆಯಿಂದ. ಮೈಸೂರು ಸಂಸ್ಥಾನ ಗಂಧದ ಕೊರಡುಗಳನ್ನು ಮಾರುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಹೆಚ್ಚಾಗಿ ಯುರೋಪಿನಲ್ಲಿ ನಡೆಯುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಕೊರಡು ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ 1916ರಲ್ಲಿ ತಾನೇ ಎಣ್ಣೆ ಬಟ್ಟಿ ಇಳಿಸಲು ಹೊರಟಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಆ ಎಣ್ಣೆಯನ್ನು ಸಾಬೂನಿಗೆ ಹೊಂದಿಸಿದರು.

ಮರದ ಪಾಡು ಬೇರೆ. ಗಂಧ ಇರುವುದು ಹೂವಿನಲ್ಲಲ್ಲ, ಕಾಂಡದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹಾಗಾಗಿ ಈ ಮರವನ್ನು ಬುಡ ಬಿಟ್ಟು ಕಡಿಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧವೂ ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. ಕಾಯುವ ಹೊಣೆ ತನಗೆ, ಮರ ಮಾತ್ರ ಇನ್ನೊಬ್ಬರದು ಎಂದರೆ ಸಸಿಯನ್ನು ಯಾರು ಸಾಕುತ್ತಾರೆ? 2001ರ ತಿದ್ದುಪಡಿ ಕರ್ನಾಟಕದಲ್ಲಿ ಒಡೆತನವನ್ನು ಜಮೀನಿನವರಿಗೆ ಕೊಟ್ಟಿತು. ಅಷ್ಟರಲ್ಲಿ ಕಾಡಿನ ಗಂಧ ವಿರಳವಾಗಿತ್ತು.

ಚೇಗು ಬಲಿಯಲು ಹತ್ತಾರು ವರ್ಷ ಬೇಕು. ಇಂದು ನೆಟ್ಟ ಸಸಿಯ ಪರಿಮಳ ನಮ್ಮ ಮಕ್ಕಳ ಕಾಲದ್ದು.