ಸೂಪರ್‌ಜೂಮ್ ಕ್ಯಾಮೆರಾ: ಅಂಕಿಯ ಪೈಪೋಟಿಯೂ ಬೆಳಕಿನ ಕಿಂಡಿಯೂ

ದೂರದ ವಸ್ತುವನ್ನು ದೊಡ್ಡದಾಗಿ ಸೆರೆಹಿಡಿಯಬೇಕಾದರೆ ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ದೂರದಿಂದ ಬಂದ ಕಿರಣಗಳು ಮಸೂರವನ್ನು ದಾಟಿ ಒಂದೆಡೆ ಕೂಡುವವರೆಗಿನ ಸಂಗಮದೂರ, ಹೆಚ್ಚಬೇಕು. ಆದರೆ ಅದು ಹೆಚ್ಚಿದಷ್ಟೂ ಕ್ಯಾಮೆರಾ ಉದ್ದವಾಗುತ್ತ ಹೋಗಿ, ಕೊನೆಗೆ ಹೊತ್ತು ತಿರುಗಲಾರದ ಪೆಟ್ಟಿಗೆಯಾಗುತ್ತಿತ್ತು. 1891ರಲ್ಲಿ ಇಂಗ್ಲೆಂಡಿನ ಥಾಮಸ್ ರುಡಾಲ್ಫಸ್ ಡಾಲ್‌ಮೆಯರ್ ಮತ್ತು ಜರ್ಮನಿಯ ಅಡಾಲ್ಫ್ ಮೀತೆ ಪರಸ್ಪರ ಸಂಬಂಧವಿಲ್ಲದೆ ಇದಕ್ಕೊಂದು ಪರಿಹಾರ ಕಂಡುಕೊಂಡರು. ಮುಂದೆ ಪೀನ ಮಸೂರಗಳ ಗುಂಪನ್ನೂ ಹಿಂದೆ ನಿಮ್ನ ಮಸೂರಗಳ ಗುಂಪನ್ನೂ ಇಟ್ಟರೆ ಕೊಳವೆಯ ಉದ್ದ ಸಂಗಮದೂರಕ್ಕಿಂತ ಕಡಿಮೆಯಾಗುತ್ತದೆ ಎಂಬ ಈ ಉಪಾಯವೇ ಟೆಲಿಫೋಟೊ ಎಂದು ಹೆಸರಾಯಿತು. ಅದು ಉದ್ದವನ್ನು ಕುಗ್ಗಿಸಿತೇ ಹೊರತು ಬೆಳಕನ್ನು ಒಳಬಿಡುವ ಕಿಂಡಿಯ ಅಗಲವನ್ನು ಕುಗ್ಗಿಸಲಿಲ್ಲ, ಕುಗ್ಗಿಸಲು ಸಾಧ್ಯವೂ ಇರಲಿಲ್ಲ. ಮುಂದೆ ನೂರು ವರ್ಷಗಳಾದ ಮೇಲೆ ಬಂದ ಸೂಪರ್‌ಜೂಮ್‌ಗಳ ಯೋಗ್ಯತೆಯನ್ನು ಅಳೆಯಲು ಬೇಕಾದ ಸೂತ್ರ ಈ ಮಿತಿಯಲ್ಲೇ ಅಡಗಿದೆ.

ಒಂದೇ ಲೆನ್ಸಿನಲ್ಲಿ ಸಂಗಮದೂರವನ್ನು ಬೇಕಾದಂತೆ ಬದಲಿಸಿಕೊಳ್ಳುವ ಜೂಮ್ ವ್ಯವಸ್ಥೆ ಚಲನಚಿತ್ರ ರಂಗದಲ್ಲಿ ಮೊದಲು ರೂಢಿಗೆ ಬಂದು, 1959ರಲ್ಲಿ ಫ್ರಾಂಕ್ ಬ್ಯಾಕ್ ವಿನ್ಯಾಸಗೊಳಿಸಿದ 36ರಿಂದ 82 ಮಿ.ಮೀ. ವ್ಯಾಪ್ತಿಯ ಫೋಯ್ಕ್ಟ್‌ಲೆಂಡರ್ ಜೂಮಾರ್ ಮೂಲಕ ಸ್ಥಿರಚಿತ್ರ ಕ್ಯಾಮೆರಾಗಳಿಗೂ ದೊರೆಯಿತು. ಆದರೂ ಹತ್ತುಪಟ್ಟು ಜೂಮ್ ಕೈಗೆಟುಕಬೇಕಾದರೆ ಫಿಲ್ಮಿನ ಜಾಗಕ್ಕೆ ಸೆನ್ಸರ್ ಎಂಬ ಪುಟ್ಟ ವಿದ್ಯುನ್ಮಾನ ಫಲಕ ಬರಬೇಕಾಯಿತು. ಫಲಕ ಚಿಕ್ಕದಾದಷ್ಟೂ ಅದರಲ್ಲಿ ಹಿಡಿಸುವ ನೋಟ ಕಿರಿದಾಗುವುದರಿಂದ, ಗಿಡ್ಡ ಸಂಗಮದೂರವೇ ಉದ್ದನೆಯದರ ಕೆಲಸ ಮಾಡುತ್ತದೆ. ಆದ್ದರಿಂದಲೇ ತಯಾರಕರು 35 ಮಿ.ಮೀ. ಫಿಲ್ಮಿಗೆ ಹೋಲಿಸಿದ ‘ಸಮಾನ’ ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸತೊಡಗಿದರು. 1998ರ ಸೋನಿ ಮ್ಯಾವಿಕಾ ಎಫ್‌ಡಿ91 ಹದಿನಾಲ್ಕು ಪಟ್ಟು ಜೂಮ್ ಮಾಡುತ್ತಿತ್ತು ಮತ್ತು ತೆಗೆದ ಚಿತ್ರಗಳನ್ನು ಫ್ಲಾಪಿ ಡಿಸ್ಕಿನಲ್ಲಿ ತುಂಬುತ್ತಿತ್ತು. 2000ದಲ್ಲಿ ಒಲಿಂಪಸ್ ಸಿ-2100 ಅಲ್ಟ್ರಾ ಜೂಮ್ ಮತ್ತು 2002ರಲ್ಲಿ ಪ್ಯಾನಸಾನಿಕ್ ಲ್ಯೂಮಿಕ್ಸ್ ಎಫ್‌ಜೆಡ್1 ಬಂದ ಮೇಲೆ ಸೂಪರ್‌ಜೂಮ್ ಎಂಬ ಈ ವರ್ಗಕ್ಕೆ ಸ್ಥಿರವಾದ ರೂಪ ಸಿಕ್ಕಿತು. ಇವೆಲ್ಲವುಗಳಲ್ಲಿ ಕೈನಡುಕವನ್ನು ಸರಿದೂಗಿಸುವ ಸ್ಥಿರೀಕರಣವಿದ್ದುದು ಆಕಸ್ಮಿಕವಲ್ಲ: ಷಟರ್ ಎಷ್ಟು ವೇಗವಾಗಿರಬೇಕೆಂಬ ಹಳೆಯ ಲೆಕ್ಕದಂತೆ 400 ಮಿ.ಮೀ. ಲೆನ್ಸಿಗೆ ಸೆಕೆಂಡಿನ ನಾನೂರನೇ ಒಂದು ಭಾಗ ಬೇಕಾಗುತ್ತದೆ, ಮುಂಜಾನೆಯ ಮಬ್ಬಿನಲ್ಲಿ ಅಷ್ಟು ವೇಗಕ್ಕೆ ಸಾಕಾಗುವ ಬೆಳಕು ಸಿಗುವುದೇ ಕಷ್ಟ.

ಆಮೇಲೆ ನಡೆದದ್ದು ಅಂಕಿಯ ಪೈಪೋಟಿ. 2008ರಲ್ಲಿ ಇಪ್ಪತ್ತು ಪಟ್ಟು, 2010ರಲ್ಲಿ ಮೂವತ್ತೈದು, 2012ರಲ್ಲಿ ಐವತ್ತು ಎಂದು ಜೂಮ್ ಏರುತ್ತಲೇ ಹೋಯಿತು. ಈ ‘ಪಟ್ಟು’ ಅತಿ ಉದ್ದ ಮತ್ತು ಅತಿ ಗಿಡ್ಡ ಸಂಗಮದೂರಗಳ ಅನುಪಾತ ಮಾತ್ರ, ಅದು ದೂರವನ್ನು ಅಳೆಯುವುದಿಲ್ಲ. 2012ರ ಕ್ಯಾನನ್ ಎಸ್‌ಎಕ್ಸ್50ರದು ಐವತ್ತು ಪಟ್ಟು, ಮರುವರ್ಷದ ಪ್ಯಾನಸಾನಿಕ್ ಎಫ್‌ಜೆಡ್70ರದು ಅರವತ್ತು ಪಟ್ಟು. ಆದರೂ ಎರಡೂ ತಲುಪುತ್ತಿದ್ದುದು 1200 ಮಿ.ಮೀ. ಸಮಾನಕ್ಕೇ, ಹೆಚ್ಚಿನ ಹತ್ತು ಪಟ್ಟು ಸಿಕ್ಕಿದ್ದು ಹತ್ತಿರದ ವಿಶಾಲ ನೋಟದ ಕಡೆಗೆ. ಅಂಗಡಿಯಲ್ಲಿ ನಿಂತು ಆರಿಸುವವರಿಗೆ ಈ ಸರಳ ಸಂಗತಿ ‘ಪಟ್ಟು’ ಅಂಕಿಯೊಂದರಿಂದಲೇ ತಿಳಿಯುವುದಿಲ್ಲ ಎಂಬುದು ಖೇದಕರ.

ನಿಜವಾದ ಅಳತೆ ಬೇರೆಯೇ ಇದೆ. ಲೆನ್ಸಿನ ವಾಸ್ತವಿಕ ಸಂಗಮದೂರವನ್ನು ಎಫ್-ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ಕಿಂಡಿಯ ವ್ಯಾಸ ಸಿಗುತ್ತದೆ, ದೂರದ ಹಕ್ಕಿಯೊಂದರಿಂದ ಎಷ್ಟು ಬೆಳಕು ಕ್ಯಾಮೆರಾದೊಳಕ್ಕೆ ಬರುತ್ತದೆಂಬುದನ್ನು ಆ ವ್ಯಾಸವೇ ತೀರ್ಮಾನಿಸುತ್ತದೆ. ಎಸ್‌ಎಕ್ಸ್50ರ 215 ಮಿ.ಮೀ.ಯನ್ನು 6.5ರಿಂದ ಭಾಗಿಸಿದರೆ ಸುಮಾರು 33 ಮಿ.ಮೀ. ಬರುತ್ತದೆ, ಅದೇ ವರ್ಷದ ಪ್ಯಾನಸಾನಿಕ್ ಎಫ್‌ಜೆಡ್200 ಕೇವಲ 600 ಮಿ.ಮೀ. ಸಮಾನಕ್ಕೆ ನಿಂತರೂ, ಅದರ 108 ಮಿ.ಮೀ.ಯನ್ನು 2.8ರಿಂದ ಭಾಗಿಸಿದಾಗ ಸುಮಾರು 39 ಮಿ.ಮೀ. ಆಗುತ್ತದೆ. ಅರ್ಧದಷ್ಟು ಅಂಕಿಯ ಕ್ಯಾಮೆರಾವೇ ಹೆಚ್ಚು ಬೆಳಕನ್ನು ಕೂಡಿಸುತ್ತಿತ್ತು. 2015ರ ನಿಕಾನ್ ಪಿ900 ಎಂಬತ್ತಮೂರು ಪಟ್ಟು ಜೂಮಿನಿಂದ 2000 ಮಿ.ಮೀ. ಸಮಾನವನ್ನು ಮುಟ್ಟಿ ಚಂದ್ರನ ಕುಳಿಗಳನ್ನು ಮನೆಯಂಗಳದಿಂದಲೇ ತೋರಿಸಿದಾಗ ಜನ ಬೆರಗಾದರು. ಅದರ ಕಿಂಡಿ ಸುಮಾರು 55 ಮಿ.ಮೀ. ಮರುವರ್ಷ ಬಂದ ಸೋನಿ ಆರ್‌ಎಕ್ಸ್10 ಮಾರ್ಕ್ 3 ಬರೀ 600 ಮಿ.ಮೀ. ಸಮಾನದ್ದು, ಆದರೆ ಅದರ 220 ಮಿ.ಮೀ.ಯನ್ನು 4ರಿಂದ ಭಾಗಿಸಿದರೂ ಬರುವುದು ಅದೇ 55. ಹಾಗಾಗಿ ಕದಲದೆ ಕೂತ ಹಕ್ಕಿಯ ಮಟ್ಟಿಗೆ ಎರಡೂ ಸರಿಸುಮಾರು ಸಮಬಲದವು, ಪಿ900 ಅದೇ ಬೆಳಕನ್ನು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ ಅಷ್ಟೆ. ಹಾರುವ ಹಕ್ಕಿಯ ವಿಷಯ ಬೇರೆ: ಅಲ್ಲಿ ಫೋಕಸ್ ಹಿಡಿಯುವ ಚುರುಕುತನವೇ ಮುಖ್ಯ, ಮತ್ತು 2017ರ ಆರ್‌ಎಕ್ಸ್10 ಮಾರ್ಕ್ 4 ಸೆಕೆಂಡಿಗೆ 24 ಚಿತ್ರಗಳೊಂದಿಗೆ ಈ ಕೆಲಸದಲ್ಲಿ ಬಹಳ ಮುಂದೆ ಹೋಯಿತು.

2018ರ ನಿಕಾನ್ ಪಿ1000 ಜೂಮನ್ನು ನೂರಿಪ್ಪತ್ತೈದು ಪಟ್ಟಿಗೆ, 3000 ಮಿ.ಮೀ. ಸಮಾನಕ್ಕೆ ಒಯ್ದಿತು, ತೂಕ ಒಂದು ಕಿಲೋ ನಾನೂರು ಗ್ರಾಂ ದಾಟಿತು, ಕಿಂಡಿ ಸುಮಾರು 67 ಮಿ.ಮೀ.ಗೆ ಹಿಗ್ಗಿತು. ಆ ತುದಿಯಲ್ಲಿ ಎಫ್-ಸಂಖ್ಯೆ 8ಕ್ಕೆ ಏರುವುದರಿಂದ ವಿವರ್ತನೆ, ಅಂದರೆ ಕಿಂಡಿಯ ಅಂಚಿನಲ್ಲಿ ಬೆಳಕಿನ ಅಲೆಗಳು ಬಾಗಿ ಹರಡುವ ಕ್ರಿಯೆ, ಒಂದು ಬಿಂದುವನ್ನು ಹಲವು ಪಿಕ್ಸೆಲ್‌ಗಳಷ್ಟು ಅಗಲದ ಚುಕ್ಕೆಯಾಗಿ ಹರಡಿಬಿಡುತ್ತದೆ. ಇದರ ಮೇಲೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಅಲುಗಾಟವೂ ಸೇರುತ್ತದೆ. ನಡುಹಗಲಿನಲ್ಲಿ ಅರ್ಧ ಕಿಲೋಮೀಟರಿನಾಚೆಯ ಜಿಂಕೆಯ ಕೊಂಬು ನೀರಿನೊಳಗಿನ ಕಡ್ಡಿಯಂತೆ ಡೊಂಕಾಗಿ ಕಾಣಿಸಿದರೆ ಅದು ಲೆನ್ಸಿನ ದೋಷವಲ್ಲ, ಎಷ್ಟೇ ಬೆಲೆಯ ಲೆನ್ಸೂ ಅದನ್ನು ನೇರಗೊಳಿಸಲಾರದು. ಆದ್ದರಿಂದ ಪಿ1000 ಬೆಳಗಿನ ತಂಪು ಹೊತ್ತಿಗೆ, ಟ್ರೈಪಾಡಿನ ಮೇಲೆ, ಚಂದ್ರನಿಗೋ ಕೆರೆಯಾಚೆ ನಿಂತ ಕೊಕ್ಕರೆಗೋ ತಕ್ಕದ್ದು.

ಇಷ್ಟರಲ್ಲಿ ಮೊಬೈಲ್ ಫೋನು ಸಣ್ಣ ಕ್ಯಾಮೆರಾಗಳ ಮಾರುಕಟ್ಟೆಯನ್ನೇ ನುಂಗಿ, ಹೊಸ ಸೂಪರ್‌ಜೂಮ್‌ಗಳ ಬರವು ಕ್ಷೀಣಿಸಿತು. 2025ರಲ್ಲಿ ನಿಕಾನ್ ಹೊರತಂದ ಪಿ1100 ತನ್ನ ಹಿಂದಿನದರ ಲೆನ್ಸನ್ನೂ ಸೆನ್ಸರನ್ನೂ ಹಾಗೆಯೇ ಉಳಿಸಿಕೊಂಡು, ಯುಎಸ್‌ಬಿ-ಸಿ ಕಿಂಡಿಯಂಥ ಕೆಲವು ಬದಲಾವಣೆಗಳೊಂದಿಗೆ ಬಂದಿತು.