ಒಂದೇ ಮಂಚದ ಸುತ್ತ

ನಮ್ಮತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಶಾಲೆಗೆ ರಜೆ ಹಾಕಿ ಹನ್ನೆರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಡಾಕ್ಟರು ಬಂದು "ಇವತ್ತು ಎಬ್ಬಿಸಿ ನಡೆಸಿ" ಎಂದು ಹೇಳಿ ಹೋದರು. ಫಿಜಿಯೋಥೆರಪಿಯ ಹುಡುಗ "ನನಗೆ ಚೀಟಿ ಬಂದಿಲ್ಲ" ಎಂದ. ನರ್ಸಮ್ಮ "ಏಳಿಸಬೇಡಿ, ಬಿದ್ದರೆ ನಮ್ಮ ತಲೆಗೇ ಬರುತ್ತೆ" ಎಂದರು. ಅತ್ತೆ ಮಲಗಿಯೇ ಇದ್ದರು. ಐದನೇ ದಿನ ಬೆನ್ನ ಕೆಳಗೆ ಹುಣ್ಣಾಯಿತು.

ರಾತ್ರಿ ಪಾಳಿಯ ಚಿಕ್ಕ ನರ್ಸು ನನ್ನ ಹತ್ತಿರ ಮೆಲ್ಲಗೆ, "ಮೊನ್ನೆಯೇ ಚರ್ಮ ಕೆಂಪಾಗಿತ್ತು ಮೇಡಂ. ಅಷ್ಟು ದೊಡ್ಡ ಡಾಕ್ಟರಿಗೆ ನಾನು ಹೇಗೆ ಹೇಳಲಿ?" ಎಂದಳು. ಮೊದಲು ಸಿಟ್ಟು ಬಂತು. ಆಮೇಲೆ, ಹೆಡ್‌ಮಾಸ್ತರರ ಮುಂದೆ ನಾನೇ ಎಷ್ಟು ಸಲ ಬಾಯಿ ಮುಚ್ಚಿಕೊಂಡು ನಿಂತಿಲ್ಲ ಎನಿಸಿ ಸುಮ್ಮನಾದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳೊಡನೆ ಇದನ್ನು ಹೇಳಿಕೊಂಡಾಗ "ಸ್ವೀಡನ್ನಿನ ಲಿನ್‌ಶೋಪಿಂಗ್ ಚರಿತ್ರೆ ಓದಿ ಟೀಚರ್" ಎಂದು ಒಂದಿಷ್ಟು ಕಾಗದ ತಂದುಕೊಟ್ಟಳು. ಮೂವತ್ತು ವರ್ಷ ಚರಿತ್ರೆ ಕಲಿಸಿದ್ದೇನೆ, ಆ ಊರಿನ ಹೆಸರೇ ಕೇಳಿರಲಿಲ್ಲ.

ಆರೋಗ್ಯದ ಕೆಲಸಗಾರರು ಒಂದು ತಂಡವಾಗಿ ದುಡಿಯುವಂತೆ ತರಬೇತಾಗಬೇಕು ಎಂಬ ಮಾತು 1978ರ ಆಲ್ಮಾ ಅಟಾ ಘೋಷಣೆಯಲ್ಲೇ ಇದೆ. ಕಾಗದದ ಮೇಲೆ ಒಳ್ಳೆಯ ಮಾತುಗಳಿಗೆ ಎಂದು ಬರವಿತ್ತು ಹೇಳಿ! ಅದನ್ನು ಮಾಡಿ ತೋರಿಸಿದವರಲ್ಲಿ ಮೊದಲಿಗರು ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು. 1986ರಲ್ಲಿ ಅಲ್ಲಿ ಹೊಸ ಆರೋಗ್ಯ ವಿಜ್ಞಾನ ವಿಭಾಗ ಶುರುವಾದಾಗ, ನಿಲ್ಸ್-ಹೋಲ್ಗರ್ ಅರೆಸ್ಕೋಗ್ ಎಂಬ ಪ್ರೊಫೆಸರರ ಮುಂದಾಳುತನದಲ್ಲಿ, ಡಾಕ್ಟರಾಗುವವರು, ನರ್ಸಾಗುವವರು, ಫಿಜಿಯೋಥೆರಪಿಯವರು ಎಲ್ಲರನ್ನೂ ಮೊದಲ ಹತ್ತು ವಾರ ಒಟ್ಟಿಗೆ ಕೂರಿಸಿದರು. ಚಿಕ್ಕ ಚಿಕ್ಕ ಗುಂಪು, ಗುಂಪಿನ ಮುಂದೆ ಒಂದು ಸಮಸ್ಯೆ. ಬಿಳಿ ಕೋಟಿನ ಜಂಬ ಮೈಗೆ ಹತ್ತುವ ಮುಂಚೆಯೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ ಎಂದಿರಬೇಕು.

ನನಗೆ ಹಿಡಿಸಿದ್ದು ಅದಕ್ಕಿಂತ 1996ರ ಕೆಲಸ. ಅಲ್ಲಿನ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಒಂದು ವಾರ್ಡನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಓದು ಮುಗಿಯುತ್ತ ಬಂದ ಬೇರೆ ಬೇರೆ ಕೋರ್ಸಿನವರು ಎರಡು ವಾರ ಕೂಡಿ ಅದನ್ನು ನಡೆಸಬೇಕು. ಅನುಭವಿಗಳು ಬೆನ್ನ ಹಿಂದೆ ನಿಂತು ನೋಡುತ್ತಾರೆ. ಬೆಳಗಿನ ಪಾಳಿಯಲ್ಲಿ ರೋಗಿಯ ಮೈ ಒರೆಸುವುದು, ಎಬ್ಬಿಸಿ ಕೂರಿಸುವುದು ಎಲ್ಲರ ಕೆಲಸ, ನಾಳಿನ ಡಾಕ್ಟರದೂ ಕೂಡ. ರೋಗಿಗಳಲ್ಲಿ ಸೊಂಟ ಮುರಿದುಕೊಂಡ ಮುದುಕಿಯರೂ ಇರುತ್ತಿದ್ದರು. ಮೈ ಒರೆಸುವ ಕೈಗೆ ಬೆನ್ನಿನ ಕೆಂಪು ಕಾಣದೆ ಹೋಗುತ್ತದೆಯೇ? ಓದುತ್ತಾ ಓದುತ್ತಾ ನಮ್ಮತ್ತೆಯ ಮಂಚವೇ ಕಣ್ಣಮುಂದೆ ಬಂತು.

ಆಮೇಲೆ ಲಂಡನ್, ಸ್ಟಾಕ್‌ಹೋಮ್‌ಗಳಲ್ಲೂ ಇಂಥ ವಾರ್ಡುಗಳಾದವು. ಇಂಗ್ಲೆಂಡಿನವರಿಗೆ ಬುದ್ಧಿ ಕಲಿಸಿದ್ದು ಮಾತ್ರ ಮಕ್ಕಳ ಸಾವು. ಬ್ರಿಸ್ಟಲ್ ಆಸ್ಪತ್ರೆಯಲ್ಲಿ 1991ರಿಂದ 1995ರವರೆಗೆ ಹೃದಯದ ಶಸ್ತ್ರಚಿಕಿತ್ಸೆಯಾದ ಒಂದು ವರ್ಷದೊಳಗಿನ ಕೂಸುಗಳಲ್ಲಿ, ಬೇರೆ ಕಡೆಗಳಿಗೆ ಹೋಲಿಸಿದರೆ 30ರಿಂದ 35 ಹೆಚ್ಚು ಸತ್ತಿದ್ದವು ಎಂದು 2001ರ ವಿಚಾರಣಾ ವರದಿ ಹೇಳಿತು. ತಂಡವಾಗಿ ಕೆಲಸ ಮಾಡದ್ದು, ಎಲ್ಲ ಅಧಿಕಾರ ಕೆಲವರ ಕೈಯಲ್ಲಿದ್ದದ್ದು ಕಾರಣಗಳಲ್ಲಿ ಸೇರಿದ್ದವು. ಬೇರೆ ಬೇರೆ ವೃತ್ತಿಯವರು ಕೂಡಿ ಕಲಿಯಬೇಕೆಂದು ಆ ವರದಿಯೂ ಹೇಳಿತು. ಆ ತಾಯಂದಿರನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲೊಮ್ಮೆ, 2010ರಲ್ಲೊಮ್ಮೆ ಇದನ್ನೇ ವಿವರವಾಗಿ ಬರೆದಿದೆ. ನನ್ನ ವಿದ್ಯಾರ್ಥಿನಿ ತನ್ನ ಹುಡುಗಿಯರನ್ನು ಪಕ್ಕದ ಕಟ್ಟಡದ ಮೆಡಿಕಲ್ ಹುಡುಗರೊಡನೆ ತಿಂಗಳಿಗೊಂದು ಮಧ್ಯಾಹ್ನವಾದರೂ ಕೂರಿಸಲು ಕೇಳಿದಳಂತೆ. ಎರಡೂ ಕಡೆಯ ವೇಳಾಪಟ್ಟಿ ಹೊಂದುವುದಿಲ್ಲ ಎಂಬ ಉತ್ತರ ಬಂತಂತೆ. ಇನ್ನೊಮ್ಮೆ ಕೇಳುತ್ತೇನೆ ಎಂದಿದ್ದಾಳೆ.

ಅತ್ತೆ ಮೂರು ತಿಂಗಳ ಮೇಲೆ ಕೋಲು ಹಿಡಿದು ಅಂಗಳಕ್ಕೆ ಬಂದರು. ಕೊನೆಯ ತಪಾಸಣೆಗೆ ಹೋದ ದಿನ ಆ ಚಿಕ್ಕ ನರ್ಸಿಗೆಂದು ಚಕ್ಕುಲಿ ಕಟ್ಟಿಕೊಂಡು ಹೋಗಿದ್ದೆವು. ಅವಳು ಕೆಲಸ ಬಿಟ್ಟು ಊರಿಗೆ ಹೋಗಿದ್ದಳು.