ಹಗೇವು ಯಾರದು, ಹಸಿವು ಯಾರದು?

ನಮ್ಮ ಪಠ್ಯಪುಸ್ತಕಗಳಲ್ಲಿ ಕಿತ್ತೂರು ಅಂದರೆ ಕೋಟೆ, ಕತ್ತಿ, ಕುದುರೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು, 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಪರೀಕ್ಷೆಗೆ ಬರುತ್ತವೆ. ಆ ಸೀಮೆಯ ಜನ ಏನು ಬೆಳೆದರು, ಹೇಗೆ ಕೂಡಿಟ್ಟರು, ಯಾರು ಉಂಡರು, ಯಾರು ಉಪವಾಸ ಮಲಗಿದರು ಅನ್ನೋದು ಯಾವ ಪರೀಕ್ಷೆಗೂ ಬರುವುದಿಲ್ಲ. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣ ಶೇತಸನದಿ, ಅಂದರೆ ಊರಿನ ಚಾಕರಿಗೆ ಹೊಲ ಪಡೆದವನು. ಅವನ ಸಿಟ್ಟು ಕಿತ್ತೂರಿನ ಗಾದಿಗಾಗಿ ಮಾತ್ರ ಹುಟ್ಟಿದ್ದಲ್ಲ. ಅವನ ಮನೆತನದ ಮಾನ್ಯದ ಹೊಲಕ್ಕೂ ಕುಂಪಣಿ ಕೈಹಾಕಿತ್ತು. ಹೊಲ ಹೋದರೆ ರೊಟ್ಟಿ ಹೋಯಿತು. ಈ ಸಾದಾ ಮಾತಿನಿಂದಲೇ ನಾವು ಇತಿಹಾಸ ಓದಬೇಕು.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕರಿಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳವೇ ಬದುಕು. ಅದನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದದ್ದು ಹಗೇವಿನಲ್ಲಿ. ಗಟ್ಟಿ ನೆಲ ನೋಡಿ, ಒಬ್ಬ ಆಳು ಇಳಿಯುವಷ್ಟೇ ಬಾಯಿ, ಕೆಳಗೆ ಗುಡಾಣದಂಥ ಹೊಟ್ಟೆ ಬರುವಂತೆ ತೋಡುವುದು. ತಳಕ್ಕೂ ಸುತ್ತಲೂ ಒಣಹುಲ್ಲು ಒತ್ತುವುದು. ಚೆನ್ನಾಗಿ ಒಣಗಿದ ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತುವುದು. ಒಳಗಿನ ಪ್ರಾಣವಾಯುವನ್ನು ಕಾಳೇ ಉಸಿರಾಡಿ ಮುಗಿಸುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧ ಬೇಡ, ಕಂಪನಿ ಬೇಡ. ದೊಡ್ಡ ವಿಜ್ಞಾನ ಇದು, ಸುಳ್ಳಲ್ಲ.

ಆದರೆ ಹುಳ ಸಾಯುವ ಗಾಳಿಯಲ್ಲಿ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಹಗೇವು ತೆಗೆದ ಕೂಡಲೇ ಇಳಿಯಬಾರದು. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡಬೇಕು. ದೀಪ ನಂದಿದರೆ ಒಳಗೆ ಸಾವು ಕೂತಿದೆ ಅಂತ ಅರ್ಥ. ಹೀಗೆ ಇಳಿದು ಸತ್ತವರುಂಟು. ಇಳಿದವರು ಯಾರು? ಒಡೆಯನ ಮಗನೋ, ಆಳುಮಗನೋ? ಕೇರಿಯವನು ಹಗೇವಿನ ಹೊಟ್ಟೆಯಲ್ಲಿ ನಿಂತು ಜೋಳ ಬಾಚಿ ಕೊಟ್ಟರೆ ಮೈಲಿಗೆಯಿಲ್ಲ. ಅದೇ ಜೋಳ ಒಡೆಯನ ಒಲೆಯ ಮೇಲೆ ರೊಟ್ಟಿಯಾದರೆ ಅವನ ನೆರಳೂ ತಾಗಬಾರದು. ಹಸಿ ಕಾಳಿಗೆ ಜಾತಿಯಿಲ್ಲ, ಬೆಂದ ಕಾಳಿಗೆ ಜಾತಿ ಐತಿ! ದುಡಿಮೆ ಬೇಕಾದ ಕಡೆ ಮೈಲಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ.

ನಮ್ಮ ಜನಕ್ಕೆ ಸಿಗುತ್ತಿದ್ದದ್ದು ಆಯ. ಮಿಣಿ, ಬಾರುಕೋಲು ಮಾಡಿಕೊಟ್ಟವನು, ಸತ್ತ ದನ ಹೊತ್ತವನು, ಊರ ಓಲೆ ಒಯ್ದವನು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕೈ ಒಡ್ಡಬೇಕು. ರಾಶಿ ಗಾಡಿ ಏರಿದ ಮೇಲೆ ಮಣ್ಣು ಬೆರೆತ ಕಡಿಗಾಳು ಇವರ ಪಾಲು. ಮರಾಠಿಯಲ್ಲಿ ಇದಕ್ಕೆ ಬಲುತ ಅಂತಾರೆ. ದಯಾ ಪವಾರ 1978ರಲ್ಲಿ ಬಂದ ತಮ್ಮ ಆತ್ಮಕಥೆಗೆ ಅದೇ ಹೆಸರಿಟ್ಟರು. ಆಯದ ಕಾಳಿಗೆ ಹಗೇವು ಬೇಕಿರಲಿಲ್ಲ, ಒಂದೆರಡು ಗಡಿಗೆ ಸಾಕಿತ್ತು.

ಹಗೇವಿಲ್ಲದವರಿಗೆ ಬಿಸಿಲೇ ಹಗೇವು. ಕೂಲಿಗೆ ಹೋದ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಕಡಲೆ ಗಿಡದ ಕುಡಿ ಚಿವುಟಿ ತಂದು, ಒಣಗಿಸಿ, ಬ್ಯಾಸಗಿಗೆ ಪಲ್ಯ ಮಾಡಿದರು. ಹೊಲದ ಅಕ್ಕಡಿ ಸಾಲಿನ ಪುಂಡಿ, ಬದುವಿನ ಹಕ್ಕರಕಿ, ಗೋಳಿಪಲ್ಯ ಇವರ ಕಾಯಿಪಲ್ಲೆ ಸಂತೆ. ಮಡಕಿ, ಅಲಸಂದಿಗೆ ಬೂದಿ ಬೆರೆಸಿದರು. ಬೀಜದ ಗಡಿಗೆಗೆ ಬೇವಿನೆಲೆ ಹಾಕಿ ಬಾಯಿಗೆ ಸಗಣಿ ಮೆತ್ತಿದರು. ಕಟಕ ರೊಟ್ಟಿ, ಗುರೆಳ್ಳ ಹಿಂಡಿ ತಿಂಗಳು ಇಟ್ಟರೂ ಕೆಡಲಿಲ್ಲ. ಸತ್ತ ದನದ ಖಂಡವನ್ನು ಉದ್ದಕ್ಕೆ ಸೀಳಿ, ಹಗ್ಗಕ್ಕೆ ಹಾಕಿ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಂಡದ್ದೂ ಇದೇ ವಿದ್ಯೆ. ಅದನ್ನು ಊರು ಹೊಲಸು ಅಂತು. ಮೊದಲು ಹೊಲ ಕೊಡಲಿಲ್ಲ, ಆಮೇಲೆ ತಿಂದದ್ದಕ್ಕೆ ಹೀಯಾಳಿಸಿತು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದು ಬಾಯಿರುಚಿಯ ಮಾತಲ್ಲ. ಊರು ಎಸೆದದ್ದರ ಮೇಲೆ ಬದುಕುವ ಕರಾರನ್ನೇ ಹರಿಯಿರಿ ಅಂದದ್ದು.

ಹಗೇವು ಬರಿದಾದದ್ದು ಹೇಗೆ? ಕುಂಪಣಿಯ ರೈತವಾರಿ ಪದ್ಧತಿ ತೀರ್ವೆಯನ್ನು ರೊಕ್ಕದಲ್ಲಿ ಕೇಳಿತು. ರೊಕ್ಕಕ್ಕಾಗಿ ಸುಗ್ಗಿಯಲ್ಲೇ, ಅಗ್ಗದ ದರದಲ್ಲೇ ಕಾಳು ಮಾರಬೇಕಾಯಿತು. ಅಮೆರಿಕದ ಒಳಯುದ್ಧದಿಂದ, 1861ರಿಂದ 65ರವರೆಗೆ, ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಈ ಭಾಗದ ಹತ್ತಿಗೆ ಬೆಲೆ ಏರಿತು. ಜೋಳದ ಹೊಲಕ್ಕೆ ಹತ್ತಿ ನುಗ್ಗಿತು. ಹತ್ತಿಯನ್ನು ಮಾರಬಹುದು, ಕುದಿಸಿ ಉಣ್ಣಲಾಗದು. ಹತ್ತು ವರ್ಷ ದಾಟುತ್ತಲೇ 1876-78ರ ಬರ ಬಂತು. ಆಗ ಬೆಳಗಾವಿ ಜಿಲ್ಲೆಗೆ ರೈಲೂ ಇರಲಿಲ್ಲ. ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಸಾಕು ಅಂದ ರಿಚರ್ಡ್ ಟೆಂಪಲ್. ಅರ್ಧ ಕಿಲೋಗೂ ಕಡಿಮೆ! 1877ರಲ್ಲಿ ಮುಂಬಯಿ ಪ್ರಾಂತದ ಬರಗಾಲದ ಕೂಲಿಗಳು ಕೆಲಸ ಬಿಟ್ಟು ಎದ್ದು ನಡೆದರು. ಉಪವಾಸದವರು ಹೂಡಿದ ಈ ಮುಷ್ಕರವೂ ನಮ್ಮ ಪಠ್ಯಗಳಲ್ಲಿ ಇಲ್ಲ.

ಸ್ವಾತಂತ್ರ್ಯದ ನಂತರವೂ ಇದೇ ದಾರಿ. 1964ರಲ್ಲಿ ಸಿಎಸ್‌ಎಚ್-1 ಅನ್ನೋ ಹೈಬ್ರಿಡ್ ಜೋಳ ಬಂತು. ಅದರ ಬೀಜ ಗಡಿಗೆಯಲ್ಲಿ ಇಟ್ಟು ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ. 1972ರಲ್ಲಿ ವರಲಕ್ಷ್ಮಿ ಹತ್ತಿ ಬಂತು. ನವಿಲುತೀರ್ಥದ ಅಣೆಕಟ್ಟಿನ ನೀರು ಹರಿದ ಕಡೆ ಹತ್ತಿ ಹಬ್ಬಿತು, ಬೆಲೆ ಬಿತ್ತು, ಮೇಲೆ ಅಭಿವೃದ್ಧಿ ಕರ. 1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರು ಸಿಡಿದರು, ಗುಂಡು ತಿಂದರು. ಅದು ಹೊಲವಿದ್ದವರ ನ್ಯಾಯವಾದ ಸಿಟ್ಟು. ಹೊಲವಿಲ್ಲದವರ ಹಸಿವು ಆ ಬೇಡಿಕೆಗಳಲ್ಲಿ ಎಷ್ಟಿತ್ತು ಅಂತ ಕೇಳುವ ಹಕ್ಕು ನಮಗುಂಟು.

ಈಗ ಪ್ಯಾಟಿಯವರಿಗೆ ಹಳೇ ವಿದ್ಯೆ ನೆನಪಾಗಿದೆ. ಕೈತೋಟ, ನಾಟಿ ಬೀಜ, ಅಜ್ಜಿಯ ಸಂಡಿಗೆ, ಬೂದಿ ಬೆರೆಸಿದ ಬೇಳೆ. ಸಂತೋಷ. ಆದರೆ ಯಾವ ಅಜ್ಜಿ? ಸ್ವಸಹಾಯ ಸಂಘದಲ್ಲಿ ಹಪ್ಪಳ, ಉಪ್ಪಿನಕಾಯಿ ಕಲಿತ ಕೇರಿಯ ಹೆಣ್ಣುಮಗಳ ಡಬ್ಬಿಯನ್ನು ಊರೊಳಗಿನ ಮನೆ ಕೊಳ್ಳುತ್ತದೆಯೇ? ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ನಮ್ಮ ಮಕ್ಕಳಿಗೆ ಬೇಡ ಅಂದ ಊರುಗಳು ಈ ರಾಜ್ಯದಲ್ಲಿ ಒಂದೆರಡಲ್ಲ.

ಇನ್ನು ಜಾಗ. ಸರ್ಕಾರ ಕೇರಿಯವನಿಗೆ ಕೊಡುವ ಸೈಟು ದೊಡ್ಡದೆಂದರೆ ಮೂವತ್ತು-ನಲವತ್ತು, ಅಂದರೆ 1,200 ಚದರಡಿ, ಒಂದು ಗುಂಟೆಗಿಂತ ತುಸು ಹೆಚ್ಚು. ಗೋಡೆ ಎದ್ದ ಮೇಲೆ ಒಂದು ನುಗ್ಗೆ ನೆಡಲೂ ಜಾಗವಿಲ್ಲ. ಕಾಸರಗೋಡು ಸೇರಿದ ಕೇರಳದಲ್ಲಿ 1970ರಿಂದ ಜಾರಿಗೆ ಬಂದ ಕಾಯ್ದೆ, ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಕೂಲಿಕಾರನಿಗೆ ಪಂಚಾಯ್ತಿ ಪ್ರದೇಶದಲ್ಲಿ ಹತ್ತು ಸೆಂಟ್ಸ್ ನೆಲದ ಹಕ್ಕು ಕೊಟ್ಟಿತು. ನಾಲ್ಕು ಗುಂಟೆ ಆಯಿತು. ತೆಂಗು, ನುಗ್ಗೆ, ಬಸಳೆ, ನಾಲ್ಕು ಕೋಳಿಗೆ ಅಷ್ಟು ಸಾಕು. ನಮ್ಮ 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಹೊಲ ಬಂತು. ಗೇಣಿಯೂ ಇಲ್ಲದ ಜೀತದಾಳಿಗೆ ಏನು ಬಂತು?

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳು ಮಕ್ಕಳನ್ನು ಕೇರಿಯ ಮುದುಕಿಯರ ಹತ್ತಿರ ಕಳಿಸಲಿ. ಯಾವ ಪಲ್ಯ ಹೇಗೆ ಒಣಗಿಸುತ್ತಿದ್ದಿರಿ, ಯಾವ ಬೀಜಕ್ಕೆ ಏನು ಬೆರೆಸುತ್ತಿದ್ದಿರಿ, ಹಗೇವಿಗೆ ಯಾರು ಇಳಿಯುತ್ತಿದ್ದರು ಅಂತ ಕೇಳಿ ಬರೆಸಲಿ. ಅದು ಸಂಗೊಳ್ಳಿಯ ಇತಿಹಾಸವೇ. ಸಂಘಟನೆಯವರು ಸೈಟಿನ ಅರ್ಜಿ ಬರೆಯುವಾಗ ಮನೆಯ ಜೊತೆ ಹಿತ್ತಲೂ ಬೇಕು ಅಂತ ಬರೆಯಲಿ, ಕನಿಷ್ಠ ನಾಲ್ಕು ಗುಂಟೆ. ಇದು ಯಾರ ದಾನವೂ ಅಲ್ಲ. ಊರ ಹಗೇವು ತೋಡಿದ ಕೈಗಳಿಗೆ ಬರಬೇಕಾದ ಹಳೇ ಬಾಕಿ.